ಎಕ್ಸ್‌ಟರ್ನಲ್ ಡ್ರೈವ್‌ಗೆ ಬ್ಯಾಕಪ್ ಆಗೋಕೆ ಎರಡು ಗಂಟೆ ಹತ್ತು ನಿಮಿಷ: ಏನು ಮಾಡಲಿ?

ಕೊರಟಗೆರೆ ಬಸ್ಸು

ಎಲ್ಲರಿಗೂ ನಮಸ್ಕಾರ. ತುಮಕೂರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ, ಕಂಪ್ಯೂಟರ್ ಎರಡನ್ನೂ ನಾನೇ ನೋಡಿಕೊಳ್ತೀನಿ. ಓದಿದ್ದು ಬಿ.ಕಾಂ., ಕಂಪ್ಯೂಟರ್ ಕೆಲಸ ಇಲ್ಲೇ ಕಲಿತದ್ದು.

ಪಿಗ್ಮಿ ಏಜೆಂಟರು ಸಂಜೆ ಆರೂವರೆಗೆ ಬಂದು ಹಣ ಕಟ್ತಾರೆ. ಮೆಷಿನ್‌ನಿಂದ ಕಲೆಕ್ಷನ್ ಇಳಿಸಿಕೊಂಡು, ಕ್ಯಾಷ್ ಟ್ಯಾಲಿ ಮಾಡಿ, ಡೇ ಎಂಡ್ ಮುಗಿಸೋ ಹೊತ್ತಿಗೆ ಏಳೂಕಾಲು. ಆಮೇಲೆ ಬ್ಯಾಕಪ್. ಅದನ್ನು ನೇರವಾಗಿ ಒಂದು ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ತೆಗೀತೀವಿ. ಡ್ರೈವ್ ರಾತ್ರಿ ಆಫೀಸಲ್ಲಿ ಇರಬಾರದು ಅನ್ನೋದು ಆಡಳಿತ ಮಂಡಳಿ ತೀರ್ಮಾನ, ಹಾಗಾಗಿ ನಾನೇ ಮನೆಗೆ ಒಯ್ಯಬೇಕು. ಎರಡು ಡ್ರೈವ್ ಇದೆ, ದಿನ ಬಿಟ್ಟು ದಿನ ಬದಲಾಯಿಸ್ತೀವಿ.

ಎರಡು ವರ್ಷದ ಹಿಂದೆ ನಲವತ್ತು ನಿಮಿಷಕ್ಕೆ ಮುಗೀತಿತ್ತು. ಈಗ ಎರಡು ಗಂಟೆ ಹತ್ತು ನಿಮಿಷ. ಎಂಟೂಕಾಲಿನ ಬಸ್ಸು ತಪ್ಪಿ, ಒಂಬತ್ತೂವರೆ ಮೇಲೆ ಸಿಕ್ಕಿದ್ದರಲ್ಲಿ ಹೋಗಿ, ಮನೆ ಸೇರೋದು ಹತ್ತೂವರೆ ದಾಟುತ್ತೆ. ಮಗ ಮೂರನೇ ಕ್ಲಾಸು. ನಾನು ಹೋಗೋಷ್ಟರಲ್ಲಿ ಮಲಗಿರ್ತಾನೆ. ಬಸ್ ಸ್ಟ್ಯಾಂಡಲ್ಲಿ ಆ ಹೊತ್ತಲ್ಲಿ ಕೈಚೀಲದಲ್ಲಿ ಡ್ರೈವ್ ಇಟ್ಕೊಂಡು ನಿಲ್ಲೋದು ನನಗೂ ಭಯ, ಮನೆಯವರಿಗೂ ಭಯ.

ವಿವರ: ಲೆಕ್ಕದ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2016 ಸ್ಟ್ಯಾಂಡರ್ಡ್, ವಿಂಡೋಸ್. ಬ್ಯಾಕಪ್ ಫೈಲು 92 ಜಿಬಿ. ದಿನಾ ಫುಲ್ ಬ್ಯಾಕಪ್, ಅಂದರೆ ಇಡೀ ಡೇಟಾಬೇಸ್. ಡೇಟಾಬೇಸ್ ಎಸ್‌ಎಸ್‌ಡಿ ಮೇಲಿದೆ, ಒಳಗೆ ಇನ್ನೊಂದು ಹಳೇ ಹಾರ್ಡ್ ಡಿಸ್ಕ್ ಖಾಲಿ ಇದೆ. ಬ್ಯಾಕಪ್ ಕೊನೇಲಿ ಬರೋ ಸಾಲು ನೋಡಿದೆ: ಸೆಕೆಂಡಿಗೆ 12 ಎಂಬಿ ಅಂತ ಇದೆ. ಇದು ಕಡಿಮೇನಾ? ಹೊಸ ಡ್ರೈವ್ ಕೇಳಿದರೆ ಮಂಡಳಿ ಕೊಡುತ್ತೆ, ಆದರೆ ಅದೇ ಕಾರಣ ಅಂತ ನಾನು ಬರೆದು ಕೊಡಬೇಕು.

ಹಾರ್ಡ್‌ವೇರ್, ತುಮಕೂರು

ಮೇಡಂ, ಒಂದು ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ತಗೊಳ್ಳಿ. ಹಾರ್ಡ್ ಡಿಸ್ಕ್ ಕಾಲ ಮುಗೀತು. ಸೆಕೆಂಡಿಗೆ 400 ಎಂಬಿ ಮೇಲೆ ಬರೆಯುತ್ತೆ, ಐದು ನಿಮಿಷದ ಕೆಲಸ.

ಮಾಲೂರು ಡಿಬಿಎ

ಹೊಸದು ತರೋಕೆ ಮುಂಚೆ ದಯವಿಟ್ಟು ಅಳತೆ ಮಾಡಿ ಮೇಡಂ. ಬ್ಯಾಕಪ್ ಅಂದರೆ ಮೂರು ಕೆಲಸ: ಡೇಟಾಬೇಸಿಂದ ಓದೋದು, ಬೇಕಿದ್ದರೆ ಒತ್ತಿ ಚಿಕ್ಕದು ಮಾಡೋದು, ಡ್ರೈವ್‌ಗೆ ಬರೆಯೋದು. ಮೂರರಲ್ಲಿ ಯಾವುದು ನಿಧಾನವೋ ಇಡೀ ಬ್ಯಾಕಪ್ ಅದರ ವೇಗಕ್ಕೇ ನಡೆಯುತ್ತೆ. ಓದೋದೇ ನಿಧಾನ ಇದ್ದರೆ ಎಂಥ ಎಸ್‌ಎಸ್‌ಡಿ ತಂದರೂ ಪ್ರಯೋಜನ ಇಲ್ಲ.

12 ಎಂಬಿ ಖಂಡಿತ ಕಡಿಮೆ. ಸಾಮಾನ್ಯ ಪೋರ್ಟಬಲ್ ಹಾರ್ಡ್ ಡಿಸ್ಕ್ ಕೂಡ ಸರಿಯಾದ ಪೋರ್ಟಲ್ಲಿ ಶುರುವಿಗೆ 100ರಿಂದ 130 ಎಂಬಿ ಬರೆಯುತ್ತೆ.

ಓದುವ ವೇಗ ಬೇರೆ ಮಾಡಿ ನೋಡೋಕೆ ಒಂದು ದಾರಿ ಇದೆ. ಬ್ಯಾಕಪ್‌ನ ಗುರಿಯಾಗಿ ಡ್ರೈವ್ ಬದಲು 'ನಲ್' ಅಂತ ಕೊಡಿ. ಸರ್ವರ್ ಎಲ್ಲಾ ಪೇಜನ್ನೂ ಓದುತ್ತೆ, ಎಲ್ಲೂ ಬರೆಯಲ್ಲ. ಎಷ್ಟು ಹೊತ್ತಾಯಿತೋ ಅದು ಬರೀ ಓದಿನ ಸಮಯ. ಇದರಲ್ಲಿ ಒಂದು ಎಚ್ಚರ ಅಗತ್ಯ: ಜೊತೆಗೆ 'ಕಾಪಿ ಓನ್ಲಿ' ಆಯ್ಕೆ ಹಾಕಲೇಬೇಕು. ಹಾಕದಿದ್ದರೆ ಎಲ್ಲೂ ಇಲ್ಲದ ಆ ಬ್ಯಾಕಪ್ಪನ್ನೇ ಸರ್ವರ್ ಕೊನೆಯ ಫುಲ್ ಬ್ಯಾಕಪ್ ಅಂತ ಲೆಕ್ಕಕ್ಕೆ ಹಿಡಿಯುತ್ತೆ. ಮುಂದೆ ಡಿಫರೆನ್ಷಿಯಲ್ (ಕೊನೆಯ ಫುಲ್ ಆದಮೇಲೆ ಬದಲಾದದ್ದು ಮಾತ್ರ) ತೆಗೆದರೆ ಅದಕ್ಕೆ ಬುಡವೇ ಇರಲ್ಲ.

ಆಮೇಲೆ ಕೇಬಲ್ಲಿನ ಎರಡೂ ತುದಿ ನೋಡಿ ಹೇಳಿ. ಯಾವ ಪೋರ್ಟಿಗೆ ಚುಚ್ಚಿದ್ದೀರಿ, ಡ್ರೈವ್ ಕಡೆ ತುದಿ ಹೇಗಿದೆ.

ಗೂಡಿನೂರು, ಶಿಡ್ಲಘಟ್ಟ

ಒಂದು ಮಾತು ಸೇರಿಸ್ತೀನಿ. ನಮ್ಮದು ರೇಷ್ಮೆ ಗೂಡಿನ ವ್ಯವಹಾರದ ಬಿಲ್ಲಿಂಗ್, ಮೈಎಸ್‌ಕ್ಯೂಎಲ್. 40 ಜಿಬಿ ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ತೆಗೆದು ಜಿಜಿಪ್‌ನಲ್ಲಿ ಒತ್ತಿ ಚಿಕ್ಕದು ಮಾಡಿ ಡ್ರೈವ್‌ಗೆ ಹಾಕ್ತಿದ್ವಿ, 35 ನಿಮಿಷ. ಡ್ರೈವೇ ಕೆಟ್ಟಿದೆ ಅಂತ ಎರಡು ಸಲ ಬದಲಾಯಿಸಿದ್ವಿ, ಒಂದು ನಿಮಿಷವೂ ಕಡಿಮೆ ಆಗಲಿಲ್ಲ.

ಟಾಸ್ಕ್ ಮ್ಯಾನೇಜರ್ ನೋಡಿದರೆ ಪ್ರೊಸೆಸರ್ ಶೇ. 25 ಅಂತ ತೋರಿಸ್ತಿತ್ತು. ಮುಕ್ಕಾಲು ಭಾಗ ಖಾಲಿ ಇದೆ, ಪ್ರೊಸೆಸರ್ ತೊಂದರೆ ಅಲ್ಲ ಅಂದುಕೊಂಡೆ. ನಾಲ್ಕು ಕೋರ್ ಯಂತ್ರದಲ್ಲಿ ಶೇ. 25 ಅಂದರೆ ಒಂದು ಕೋರ್ ಪೂರ್ತಿ ದುಡೀತಿದೆ, ಮೂರು ಸುಮ್ಮನೆ ಕೂತಿವೆ ಅಂತ ಅರ್ಥ ಆಗೋಕೆ ತುಂಬ ದಿನ ಬೇಕಾಯ್ತು. ಜಿಜಿಪ್ ಎಷ್ಟು ಕೋರ್ ಇದ್ದರೂ ಒಂದನ್ನೇ ಬಳಸೋದು. 40 ಜಿಬಿ ಒತ್ತಿ 6 ಜಿಬಿ ಆಗ್ತಿತ್ತು, ಡ್ರೈವ್‌ಗೆ ಬರೆಯೋಕೆ ಏನೂ ಇರ್ತಿರಲಿಲ್ಲ, ಪಾಪ ಅದು ಕಾಯ್ತಾ ಇತ್ತು. ಜಿಜಿಪ್ ಬಿಟ್ಟು ಝಡ್‌ಸ್ಟ್ಯಾಂಡರ್ಡ್ ಹಾಕಿದೆ. ಫೇಸ್‌ಬುಕ್‌ನವರು 2016ರಲ್ಲಿ ಬಿಟ್ಟಿದ್ದು, ಉಚಿತ. ಅದೇ ಡ್ರೈವ್, ಅದೇ ಕೇಬಲ್, 11 ನಿಮಿಷ.

ಕೊರಟಗೆರೆ ಬಸ್ಸು

ಮಾಲೂರು ಸರ್, ನೀವು ಹೇಳಿದ ಹಾಗೆ ಕಾಪಿ ಓನ್ಲಿ ಹಾಕಿ ನಲ್‌ಗೆ ತೆಗೆದೆ. ಐದು ನಿಮಿಷ ಹತ್ತು ಸೆಕೆಂಡು! ಸೆಕೆಂಡಿಗೆ 304 ಎಂಬಿ. ಅಂದರೆ ಓದೋದರಲ್ಲಿ ತೊಂದರೆ ಇಲ್ಲ ಅಲ್ವಾ?

ಕೇಬಲ್ ವಿಷಯ. ಡ್ರೈವ್ ಕಡೆ ಇರೋ ಕಿಂಡಿ ಅಗಲವಾಗಿದೆ, ನಡುವೆ ಸಣ್ಣ ಗೋಡೆ ಇದ್ದು ಎರಡು ಭಾಗ. ದೊಡ್ಡ ಭಾಗಕ್ಕೆ ಕೇಬಲ್ ಚುಚ್ಚಿದೆ, ಪಕ್ಕದ ಚಿಕ್ಕ ಭಾಗ ಖಾಲಿ ಇದೆ. ಅದರಲ್ಲಿ ಧೂಳು ಕೂತಿದೆ. ಇಷ್ಟು ದಿನ ಗಮನಿಸಿರಲಿಲ್ಲ. ಅಟೆಂಡರ್ ಅಣ್ಣನ್ನ ಕೇಳಿದೆ. ಡ್ರೈವ್ ಜೊತೆ ಬಂದಿದ್ದ ಚೋಟುದ್ದ ಕೇಬಲ್ ಆಯುಧ ಪೂಜೆಗೆ ಕ್ಲೀನ್ ಮಾಡುವಾಗ ಎಲ್ಲೋ ಹೋಯ್ತಂತೆ, ಹಳೇ ಮೊಬೈಲ್ ಚಾರ್ಜರ್ ವೈರು ಸರಿಯಾಗಿ ಕೂತಿತು, ಡ್ರೈವೂ ಬಂತು, ಅದನ್ನೇ ಹಾಕಿಟ್ಟಿದ್ದೀನಿ ಅಂದರು. ಎರಡು ಡ್ರೈವ್‌ಗೂ ಅದೊಂದೇ ವೈರು.

ಕಂಪ್ಯೂಟರ್ ಕಡೆ ಮುಂಭಾಗದ ಪೋರ್ಟು. ಒಳಗೆ ಕಪ್ಪು ಪ್ಲಾಸ್ಟಿಕ್ಕು.

ಮಾಲೂರು ಡಿಬಿಎ

ಒಂದು ಕಾರಣ ಸಿಕ್ಕಿತು.

ಆ ಅಗಲದ ಕಿಂಡಿ ಯುಎಸ್‌ಬಿ 3.0 ಮೈಕ್ರೋ-ಬಿ. ದೊಡ್ಡ ಭಾಗ ಹಳೇ ಯುಎಸ್‌ಬಿ 2.0ದ್ದು, ಮೊಬೈಲ್ ಚಾರ್ಜರಿನ ಮೈಕ್ರೋ ಪಿನ್ನು ಅಳತೆಗೆ ಸರಿಯಾಗಿ ಕೂರುತ್ತೆ. ಹಳೆಯದಕ್ಕೂ ಹೊಂದಲಿ ಅಂತಲೇ ಹಾಗೆ ಮಾಡಿರೋದು. ಪಕ್ಕದ ಚಿಕ್ಕ ಭಾಗದಲ್ಲಿ ಇನ್ನೂ ಐದು ತಂತಿ ಬರ್ತವೆ, 3.0 ವೇಗ ಇರೋದೆಲ್ಲ ಆ ಐದರಲ್ಲಿ. ನಿಮ್ಮಲ್ಲಿ ಅವು ಜೋಡಣೆಯೇ ಆಗಿಲ್ಲ. ಯುಎಸ್‌ಬಿ 2.0 ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಅಲ್ಲಿಗೆ 60 ಎಂಬಿ. ಮೇಲಿನ ಖರ್ಚೆಲ್ಲ ಕಳೆದು ಕೈಗೆ ಸಿಗೋದು 30ರಿಂದ 40.

ಎಸ್‌ಎಸ್‌ಡಿ ತನ್ನಿ ಅಂದ ಸರ್‌ಗೆ ಗೌರವದಿಂದಲೇ ಹೇಳ್ತೀನಿ: ಮುಂಭಾಗದ ಕಪ್ಪು ಪೋರ್ಟು ಹೆಚ್ಚಾಗಿ 2.0. ಅದಕ್ಕೇ ಎಸ್‌ಎಸ್‌ಡಿ ಚುಚ್ಚಿದ್ದರೆ ಅದೂ 40 ದಾಟ್ತಿರಲಿಲ್ಲ. ಸಂಘದ ದುಡ್ಡು ಹೋಗ್ತಿತ್ತು.

ಯುಎಸ್‌ಬಿ 3.0 ಮೈಕ್ರೋ-ಬಿ ಕೇಬಲ್ ಅಂತ ಕೇಳಿ ಎರಡು ತನ್ನಿ, ಅರ್ಧ ಮೀಟರ್ ಒಳಗಿನದು ಸಾಕು. ಕಂಪ್ಯೂಟರ್ ಹಿಂದೆ, ಒಳಗೆ ನೀಲಿ ಪ್ಲಾಸ್ಟಿಕ್ ಇರೋ ಪೋರ್ಟಿಗೆ ಹಾಕಿ. ಹಬ್ ಬೇಡ, ಮದರ್‌ಬೋರ್ಡಿಗೆ ನೇರ.

ಆದರೆ ಇದೊಂದೇ ಕಾರಣ ಅಲ್ಲ. 2.0 ಅಂದರೂ 30 ಬರಬೇಕಿತ್ತು, ನಿಮಗೆ ಬಂದಿದ್ದು 12. ಇನ್ನೇನೋ ಇದೆ. ಕೇಬಲ್ ಹಾಕಿ, ಪ್ರತಿ ಶೇ. 10ಕ್ಕೆ ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಿ ಬರೆದುಕೊಳ್ಳಿ.

ಹಾರ್ಡ್‌ವೇರ್, ತುಮಕೂರು

ಒಪ್ಪಿದೆ ಸರ್. ಕೇಬಲ್ ಕೇಳದೆ ಹೇಳಬಾರದಿತ್ತು. ಮೇಡಂ, ಆ ಕೇಬಲ್ ಬಿ.ಎಚ್. ರಸ್ತೆ ಅಂಗಡಿಗಳಲ್ಲಿ ಸಿಗುತ್ತೆ, ಡ್ರೈವನ್ನೇ ತಗೊಂಡು ಹೋಗಿ ಕೂರಿಸಿ ನೋಡಿ ತನ್ನಿ. ಹೆಸರು ಹೇಳಿದರೆ ಎಷ್ಟೋ ಸಲ ಚಾರ್ಜಿಂಗ್ ಕೇಬಲ್ಲೇ ಕೊಡ್ತಾರೆ.

ಮಂಡಿ ಲೆಕ್ಕ, ಕೋಲಾರ

ಕೇಬಲ್ ಬರೋಷ್ಟರಲ್ಲಿ ನಮ್ಮ ಅನುಭವ ಹೇಳ್ತೀನಿ. ಟೊಮ್ಯಾಟೊ ಮಂಡಿ. ಸೀಸನ್‌ನಲ್ಲಿ ಒಂದೊಂದು ದಿನ ಬರೋ ಬಾಕ್ಸಿನ ಲೆಕ್ಕ, ರೈತರ ಚೀಟಿ, ಲಾರಿ ಬಾಡಿಗೆ, ಹಮಾಲಿ ಕೂಲಿ ಎಲ್ಲಾ ಒಂದೇ ಡೇಟಾಬೇಸ್. ಲಿನಕ್ಸ್ ಮೇಲೆ ಪೋಸ್ಟ್‌ಗ್ರೆಸ್. ಡಂಪನ್ನು ನಾಲ್ಕು ಕೈಯಲ್ಲಿ ಒಟ್ಟಿಗೆ ತೆಗೆಯಬಹುದು ಅಂತ ಓದಿ, ಡೈರೆಕ್ಟರಿ ರೂಪದಲ್ಲಿ ನಾಲ್ಕು ಜಾಬ್ ಹಾಕಿ ನೇರ ಎಕ್ಸ್‌ಟರ್ನಲ್ ಡ್ರೈವ್‌ಗೆ ಬಿಟ್ಟೆ. ಮುಂಚಿಗಿಂತ ನಿಧಾನ ಆಯ್ತು!

ಕಿವಿ ಇಟ್ಟು ಕೇಳಿದರೆ ಡ್ರೈವ್ ಒಳಗೆ ಕರಕರ ಕರಕರ ಅಂತಿತ್ತು. ಹಾರ್ಡ್ ಡಿಸ್ಕ್‌ನಲ್ಲಿ ಬರೆಯೋ ತಲೆಗಳೆಲ್ಲ ಒಂದೇ ತೋಳಿಗೆ ಕಟ್ಟಿರ್ತವೆ. ನಾಲ್ಕು ಜಾಬ್ ನಾಲ್ಕು ಫೈಲ್ ಬರೆದರೆ ಆ ತೋಳು ಅಲ್ಲಿಂದ ಇಲ್ಲಿಗೆ ಓಡಾಡ್ತಾನೇ ಇರುತ್ತೆ, ಓಡಾಟದಲ್ಲೇ ಹೊತ್ತು ಹೋಗುತ್ತೆ. ಆಮೇಲೆ ಡಂಪನ್ನು ಒಳಗಿನ ಎಸ್‌ಎಸ್‌ಡಿಗೆ ನಾಲ್ಕು ಜಾಬಲ್ಲೇ ತೆಗೆದು, ಎಲ್ಲಾ ಒಂದೇ ಟಾರ್ ಫೈಲ್ ಮಾಡಿ, ಆ ಒಂದನ್ನು ಮಾತ್ರ ಡ್ರೈವ್‌ಗೆ ನಕಲು ಮಾಡಿದೆ. ಕರಕರ ನಿಂತಿತು. ಒಂದು ದೊಡ್ಡ ಫೈಲು ಸಾಲಾಗಿ ಬರೆಯೋದು ಆ ಡ್ರೈವ್‌ಗೆ ಬಹಳ ಸಲೀಸು.

ಇನ್ನೊಂದು ಲಾಭ ಇದೆ: ಒಳಗಿನ ಡಿಸ್ಕ್‌ಗೆ ತೆಗೆದಾದ ಮೇಲೆ ಡೇಟಾಬೇಸಿಗೂ ನಕಲಿಗೂ ಸಂಬಂಧ ಇಲ್ಲ. ನಕಲು ಒಂದು ಗಂಟೆ ತಗೊಂಡರೂ ಕೌಂಟರಿನಲ್ಲಿ ಬಿಲ್ಲು ನಿಲ್ಲಲ್ಲ.

ಕೊರಟಗೆರೆ ಬಸ್ಸು

ಹೊಸ ಕೇಬಲ್, ಹಿಂದಿನ ನೀಲಿ ಪೋರ್ಟು. ನಿನ್ನೆ ಒಟ್ಟು 45 ನಿಮಿಷ. ಎಂಟೂಕಾಲಿನ ಬಸ್ಸು ಓಡಿ ಹಿಡಿದೆ. ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಬರೆದುಕೊಂಡಿದ್ದು ವಿಚಿತ್ರವಾಗಿದೆ ಸರ್. ಮೊದಲ ಶೇ. 40 ಆರೇ ನಿಮಿಷ. ಅಲ್ಲಿಂದ ಮುಂದೆ ಪ್ರತಿ ಶೇ. 10ಕ್ಕೂ ಆರೂವರೆ ನಿಮಿಷ. ಅದೇ ಫೈಲು, ಅದೇ ಕೇಬಲ್, ಮಧ್ಯದಲ್ಲಿ ಯಾಕೆ ಕುಸೀತು? ಡ್ರೈವ್ ಬಿಸಿಯಾಗುತ್ತಾ?

ಮಾಲೂರು ಡಿಬಿಎ

ಬಿಸಿ ಅಲ್ಲ. ನಿಮ್ಮ ಡ್ರೈವ್ ಎಸ್‌ಎಂಆರ್ ಜಾತಿಯದು ಅನ್ನೋಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಒಂದು ಟಿಬಿ ಮತ್ತು ಮೇಲಿನ ಪುಟ್ಟ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗಳಲ್ಲಿ ಬಹುಪಾಲು ಇದೇ.

ನಮ್ಮ ಕಡೆ ಹೆಂಚಿನ ಮನೆ ನೋಡಿರ್ತೀರಲ್ಲ. ಒಂದು ಹೆಂಚಿನ ಅಂಚಿನ ಮೇಲೆ ಇನ್ನೊಂದು ಹೆಂಚು ಕೂತಿರುತ್ತೆ. ಈ ಡ್ರೈವ್‌ಗಳಲ್ಲಿ ಡೇಟಾದ ಪಟ್ಟಿಗಳು ಹಾಗೇ ಒಂದರ ಮೇಲೊಂದು ಅಂಚು ಹೊದ್ದುಕೊಂಡಿರ್ತವೆ, ಅದರಿಂದ ಅದೇ ತಟ್ಟೆಯಲ್ಲಿ ಹೆಚ್ಚು ಜಾಗ ಸಿಗುತ್ತೆ. ಹೊಸದಾಗಿ ಸಾಲಾಗಿ ಹೊದಿಸುತ್ತಾ ಹೋಗೋದು ಸುಲಭ. ನಡುವಿನ ಒಂದು ಹೆಂಚು ಬದಲಾಯಿಸಬೇಕು ಅಂದರೆ ಅದರ ಮೇಲೆ ಕೂತಿರೋ ಸಾಲನ್ನೆಲ್ಲ ತೆಗೆದು ಮತ್ತೆ ಜೋಡಿಸಬೇಕು. ನೀವು ದಿನಾ ಹಳೇ ಬ್ಯಾಕಪ್ ಅಳಿಸಿ ಅದೇ ಜಾಗದಲ್ಲಿ 92 ಜಿಬಿ ಬರೀತೀರಿ. ಡ್ರೈವ್ ಮಾಡೋದು ಅದೇ ರಿಪೇರಿ ಕೆಲಸ.

ಮತ್ತೆ ಮೊದಲ ಶೇ. 40 ಯಾಕೆ ವೇಗ? ಡ್ರೈವ್ ತನ್ನಲ್ಲೇ ಒಂದಿಷ್ಟು ಜಾಗವನ್ನು ಹೊದಿಕೆ ಇಲ್ಲದೆ ಬಿಟ್ಟುಕೊಂಡಿರುತ್ತೆ. ಬಂದದ್ದನ್ನು ಮೊದಲು ಅಲ್ಲಿ ಸುರಿದುಕೊಂಡು ಬಿಡುವಾದಾಗ ಹೆಂಚು ಜೋಡಿಸುತ್ತೆ. ಆ ಅಂಗಳ ತುಂಬಿದ ಮೇಲೆ ಸುರಿಯೋಕೆ ಜಾಗ ಇಲ್ಲ. ನಿಮ್ಮ ಲೆಕ್ಕದಲ್ಲಿ ಸುಮಾರು 37 ಜಿಬಿಗೆ ತುಂಬಿದೆ, ಆಮೇಲೆ ಸೆಕೆಂಡಿಗೆ 24 ಎಂಬಿ.

ಹಾಗಾಗಿ ಈಗ ಉಳಿದಿರೋ ದಾರಿ, ಡ್ರೈವ್‌ಗೆ ಬರೆಯೋದನ್ನೇ ಕಡಿಮೆ ಮಾಡೋದು. ಎರಡು ವಿಷಯ ಹೇಳಿ: ಕಂಪ್ರೆಷನ್ (ಒತ್ತಿ ಚಿಕ್ಕದು ಮಾಡೋದು) ಹಾಕಿದ್ದೀರಾ? 92 ಜಿಬಿಯಲ್ಲಿ ಯಾವ ಟೇಬಲ್ ಎಷ್ಟು ದೊಡ್ಡದು?

ಕೊರಟಗೆರೆ ಬಸ್ಸು

ಕಂಪ್ರೆಷನ್ ಹಾಕಿರಲಿಲ್ಲ. ಇವತ್ತು ಒಳಗಿನ ಹಾರ್ಡ್ ಡಿಸ್ಕ್‌ಗೆ ಕಂಪ್ರೆಷನ್ ಹಾಕಿ ತೆಗೆದೆ. ಒಂಬತ್ತು ನಿಮಿಷ, ಆದರೆ ಫೈಲು 68 ಜಿಬಿ. ಶಿಡ್ಲಘಟ್ಟದ ಅಣ್ಣನದು 40 ಇದ್ದದ್ದು 6 ಆಗಿತ್ತು, ನಮ್ಮದು ಅಷ್ಟು ಇಳಿಯಲಿಲ್ಲ.

ಟೇಬಲ್ ನೋಡಿದೆ. ಒಂದೇ ಟೇಬಲ್ 64 ಜಿಬಿ. ಸದಸ್ಯರ ಫೋಟೋ, ಸಹಿ, ಆಧಾರ್, ಪಾನ್, ಪಹಣಿ ಸ್ಕ್ಯಾನ್ ಎಲ್ಲಾ ಅದರಲ್ಲೇ.

ಗೂಡಿನೂರು, ಶಿಡ್ಲಘಟ್ಟ

ಅದಕ್ಕೇ ಅಕ್ಕ. ನಮ್ಮದು ಬರೀ ಅಕ್ಷರ, ಅಂಕಿ. ಅದು ಹತ್ತಿ ಇದ್ದ ಹಾಗೆ, ಒತ್ತಿದಷ್ಟೂ ಒಳಗೆ ಹೋಗುತ್ತೆ. ಸ್ಕ್ಯಾನ್ ಫೋಟೋ ಜೆಪೆಗ್ ಆಗುವಾಗಲೇ ಒಮ್ಮೆ ಒತ್ತಿ ಬಂದಿರುತ್ತೆ. ಇನ್ನೊಮ್ಮೆ ಒತ್ತಿದರೆ ಏನೂ ಇಳಿಯಲ್ಲ.

ಮಾಲೂರು ಡಿಬಿಎ

ಸರಿಯಾಗಿ ಹೇಳಿದರು. ಮೇಡಂ, ಐದು ವರ್ಷದ ಹಿಂದಿನ ಆಧಾರ್ ಸ್ಕ್ಯಾನ್ ನಿನ್ನೆಯಿಂದ ಇವತ್ತಿಗೆ ಬದಲಾಗಿದೆಯಾ? ಇಲ್ಲ. ಅದನ್ನು ದಿನಾ ರಾತ್ರಿ ಡ್ರೈವ್‌ಗೆ ಹೊಸದಾಗಿ ಬರೆಯೋದು ಯಾಕೆ?

ವಾರಕ್ಕೊಂದು ಫುಲ್, ಉಳಿದ ದಿನ ಡಿಫರೆನ್ಷಿಯಲ್ ಮಾಡಿ. ಎಸ್‌ಕ್ಯೂಎಲ್ ಸರ್ವರ್ 64 ಕೆಬಿ ತುಂಡುಗಳ ಲೆಕ್ಕ ಇಟ್ಟಿರುತ್ತೆ. ಕೊನೆಯ ಫುಲ್ ಆದಮೇಲೆ ಯಾವ ತುಂಡು ಬದಲಾಗಿದೆಯೋ ಅದನ್ನು ಮಾತ್ರ ಡಿಫರೆನ್ಷಿಯಲ್‌ಗೆ ತಗೊಳ್ಳುತ್ತೆ. ಸೋಮವಾರದ್ದು ಚಿಕ್ಕದು, ಶನಿವಾರದ ಹೊತ್ತಿಗೆ ದೊಡ್ಡದಾಗುತ್ತೆ, ಆದರೂ ನಿಮ್ಮ ವ್ಯವಹಾರಕ್ಕೆ ಕೆಲವೇ ಜಿಬಿ. ಆ ಅಂಗಳದೊಳಗೇ ಹಿಡಿಸುವುದರಿಂದ ನಿಮ್ಮ ಎಸ್‌ಎಂಆರ್ ಡ್ರೈವ್‌ಗೂ ಅದು ಹಗುರ.

ಕ್ರಮ ಹೀಗಿಡಿ. ಶನಿವಾರ ಸಂಜೆ ಡಿಫರೆನ್ಷಿಯಲ್ ತೆಗೆದು ಡ್ರೈವ್‌ಗೆ ಹಾಕಿಕೊಂಡು ಮನೆಗೆ ಹೋಗಿ. ರಾತ್ರಿ ಹತ್ತಕ್ಕೆ ಒಳಗಿನ ಡಿಸ್ಕ್‌ಗೆ ಫುಲ್ ತಾನೇ ಆಗೋ ಹಾಗೆ ಸರ್ವರ್ ಏಜೆಂಟ್‌ನಲ್ಲಿ ಕೂರಿಸಿ. ಸೋಮವಾರ ಬೆಳಿಗ್ಗೆ ಬಂದು ಆ ಫುಲ್ಲನ್ನು ಡ್ರೈವ್‌ಗೆ ನಕಲಿಗೆ ಬಿಡಿ, ವಿಂಡೋಸಿನ ನಕಲು ಕಮಾಂಡ್ ರೋಬೋಕಾಪಿಯಲ್ಲಿ ದೊಡ್ಡ ಫೈಲಿಗೆ ಅಂತಲೇ ಇರೋ 'ಜೆ' ಆಯ್ಕೆ ಹಾಕಿ. ಅರ್ಧ ಗಂಟೆ ಆಗುತ್ತೆ, ಆದರೆ ಅದು ಕೌಂಟರ್ ಕೆಲಸ ನಡೆಯುವಾಗ ತಾನಾಗಿ ಆಗೋ ಕೆಲಸ. ಹೊಸ ಫುಲ್ ಪೂರ್ತಿ ಬರೋವರೆಗೆ ಹಳೇ ಫುಲ್, ಹಳೇ ಡಿಫರೆನ್ಷಿಯಲ್ ಅಳಿಸಬೇಡಿ. ಭಾನುವಾರ ಆಫೀಸಿಗೇ ಏನಾದರೂ ಆದರೂ ನಿಮ್ಮ ಮನೆಯಲ್ಲಿ ಶನಿವಾರ ಸಂಜೆವರೆಗಿನ ಲೆಕ್ಕ ಇರುತ್ತೆ.

ಎರಡು ಡ್ರೈವ್ ಇರೋದರಿಂದ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಡಿಫರೆನ್ಷಿಯಲ್ ಒಂಟಿಯಾಗಿ ಏನಕ್ಕೂ ಬರಲ್ಲ, ಅದರ ಫುಲ್ ಜೊತೆಗಿರಬೇಕು. ಎರಡೂ ಡ್ರೈವ್‌ಗೆ ಆ ವಾರದ ಫುಲ್ ಹೋಗಿರಬೇಕು. ಸಾಫ್ಟ್‌ವೇರ್‌ನವರು ಬಂದು ನಡುವಾರ ಒಂದು ಫುಲ್ ತೆಗೆದುಕೊಂಡು ಹೋದರೆ ಅವತ್ತಿಂದ ಡಿಫರೆನ್ಷಿಯಲ್‌ಗಳು ಅವರ ಫುಲ್ಲಿಗೆ ಸೇರ್ತವೆ, ನಿಮ್ಮದಕ್ಕಲ್ಲ. ಅವರಿಗೆ ಕಾಪಿ ಓನ್ಲಿ ಹಾಕೋಕೆ ಹೇಳಿ. ಬರೆದು ಗೋಡೆಗೆ ಅಂಟಿಸಿ.

ಮಂಡಿ ಲೆಕ್ಕ, ಕೋಲಾರ

ಆಂಟಿವೈರಸ್ಸನ್ನೂ ನೋಡಿ. ಬ್ಯಾಕಪ್ ಫೋಲ್ಡರ್ ಒಂದನ್ನು ಮಾತ್ರ ಸ್ಕ್ಯಾನಿಂದ ಬಿಡಿಸಿ, ಇಡೀ ಡ್ರೈವನ್ನಲ್ಲ. ಹಾಗೆಯೇ ಡ್ರೈವ್‌ನ ಪ್ರಾಪರ್ಟೀಸಲ್ಲಿ 'ಬೆಟರ್ ಪರ್ಫಾರ್ಮೆನ್ಸ್' ಅಂತ ಒಂದಿದೆ, ಅದನ್ನೂ ಹಾಕಿ ನೋಡಬಹುದು.

ಮಾಲೂರು ಡಿಬಿಎ

ಆಂಟಿವೈರಸ್ ಮಾತು ಒಪ್ಪಿದೆ. ಬೆಟರ್ ಪರ್ಫಾರ್ಮೆನ್ಸ್ ಮಾತ್ರ ಬೇಡ. ಅದು ಬರೆಯೋದನ್ನು ಮೆಮೊರಿಯಲ್ಲಿ ಹಿಡಿದಿಟ್ಟು ಆಮೇಲೆ ಬರೆಯೋ ಕ್ರಮ. ಚಿಲ್ಲರೆ ಫೈಲುಗಳಿಗೆ ಲಾಭ, ಒಂದೇ ದೊಡ್ಡ ಬ್ಯಾಕಪ್ಪಿಗೆ ಹೇಳಿಕೊಳ್ಳೋಂಥದ್ದೇನಿಲ್ಲ. ಬಸ್ಸಿಗೆ ಓಡೋ ಗಡಿಬಿಡೀಲಿ ಸೇಫ್ ರಿಮೂವ್ ಮಾಡದೆ ಕಿತ್ತರೆ ಬ್ಯಾಕಪ್ಪೇ ಹೋಗುತ್ತೆ. 'ಕ್ವಿಕ್ ರಿಮೂವಲ್' ಇರೋದು ಹಾಗೇ ಇರಲಿ. ಅದಿದ್ದರೂ ಡ್ರೈವ್ ದೀಪ ಮಿಣಮಿಣ ನಿಲ್ಲೋವರೆಗೆ ಕೈ ಹಾಕಬೇಡಿ.

ನಿವೃತ್ತ ಲೆಕ್ಕಿಗ, ತಿಪಟೂರು

ಎಲ್ಲರ ಮಾತೂ ಓದಿದೆ, ತಿಳಿದವರು ಚೆನ್ನಾಗಿ ಹೇಳಿದ್ದೀರಿ. ನನಗೆ ಕಾಡೋದು ಬೇರೆ. ಅಮ್ಮಾ, ಆ ಕೈಚೀಲದಲ್ಲಿ ಇರೋದು ಬರೀ ಡ್ರೈವ್ ಅಲ್ಲ. ಸಾವಿರಾರು ಸದಸ್ಯರ ಆಧಾರ್, ಪಾನ್, ಸಹಿ. ರಾತ್ರಿ ಬಸ್ಸಲ್ಲಿ ಅದು ಕಳೆದರೆ? ಸಹಿಯ ಚಿತ್ರ ಪರರ ಕೈಗೆ ಸಿಕ್ಕರೆ ಏನಾಗುತ್ತೆ ಅಂತ ಲೆಕ್ಕದಲ್ಲಿ ದುಡಿದವರಿಗೆ ಗೊತ್ತು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆಯೇ ಬಂದಿದೆ. ಡ್ರೈವ್‌ಗೆ ಬೀಗ ಇದೆಯೇ?

ಇನ್ನೊಂದು, ಈ ಬ್ಯಾಕಪ್‌ನಿಂದ ಲೆಕ್ಕ ವಾಪಸ್ ತೆಗೆದು ನೋಡಿದ್ದು ಯಾವಾಗ?

ಕೊರಟಗೆರೆ ಬಸ್ಸು

ಸರ್, ಬೀಗ ಇಲ್ಲ. ವಾಪಸ್ ತೆಗೆದು ನೋಡಿದ್ದು ನಾನು ಸೇರಿದ ಮೇಲೆ ಒಮ್ಮೆಯೂ ಇಲ್ಲ.

ಮಾಲೂರು ಡಿಬಿಎ

ತಿಪಟೂರಿನ ಸರ್ ಕೇಳಿದ್ದು ಎಲ್ಲಕ್ಕಿಂತ ಮುಖ್ಯ.

ಬೀಗಕ್ಕೆ: ಸರ್ವರಿನ ವಿಂಡೋಸಲ್ಲೇ ಬಿಟ್‌ಲಾಕರ್ ಇದೆ, ಎಕ್ಸ್‌ಟರ್ನಲ್ ಡ್ರೈವ್‌ಗೂ ಹಾಕಬಹುದು. ಈಗಿನ ಪ್ರೊಸೆಸರ್‌ಗಳಲ್ಲಿ ಅದಕ್ಕೆ ಪ್ರತ್ಯೇಕ ಸೌಲಭ್ಯ ಇರೋದರಿಂದ ಹಾರ್ಡ್ ಡಿಸ್ಕ್ ವೇಗಕ್ಕೆ ಹೊರೆ ಗೊತ್ತೇ ಆಗಲ್ಲ. ರಿಕವರಿ ಕೀಯನ್ನು ಕಾಗದದ ಮೇಲೆ ಅಚ್ಚು ಹಾಕಿ ಕಾರ್ಯದರ್ಶಿಗಳ ಲಾಕರಿನಲ್ಲಿಡಿ, ಡ್ರೈವ್ ಜೊತೆ ಅದೇ ಚೀಲದಲ್ಲಿ ಬೇಡ.

ಪರೀಕ್ಷೆಗೆ: ಬ್ಯಾಕಪ್ಪಿನಲ್ಲಿ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಅಂತ ತಾಳೆ ನೋಡೋ ಆಯ್ಕೆ) ಹಾಕಿ, ಒಂದೆರಡು ನಿಮಿಷ ಜಾಸ್ತಿ ಆದರೂ ಅದನ್ನು ತೆಗೀಬೇಡಿ. ವೆರಿಫೈ ಪಾಸಾಯಿತು ಅಂದರೆ ಫೈಲು ಓದೋಕೆ ಬರುತ್ತೆ ಅಂತ ಮಾತ್ರ ಅರ್ಥ. ಲೆಕ್ಕ ಇದೆಯೋ ಇಲ್ಲವೋ ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿದಾಗಲೇ ಗೊತ್ತಾಗೋದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಅನ್ನೋ ಸಾಫ್ಟ್‌ವೇರ್ ಕಂಪನಿಯಲ್ಲಿ ಒಬ್ಬರು ಕೈತಪ್ಪಿ ಮುಖ್ಯ ಡೇಟಾಬೇಸ್ ಅಳಿಸಿದಾಗ, ದಿನಾ ಆಗ್ತಿದೆ ಅಂದುಕೊಂಡಿದ್ದ ಡಂಪ್ ಆಗ್ತಾನೇ ಇರಲಿಲ್ಲ ಅಂತ ಅವತ್ತು ತಿಳಿಯಿತು. ಡಂಪ್ ಮಾಡೋ ಪ್ರೋಗ್ರಾಮಿನ ಆವೃತ್ತಿ ಡೇಟಾಬೇಸಿಗಿಂತ ಹಳೆಯದಾಗಿತ್ತು, ವಿಫಲವಾದ ಸುದ್ದಿ ಹೇಳೋ ಮೇಲ್ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಒಂದು ಪ್ರತಿ ಅದೃಷ್ಟಕ್ಕೆ ಸಿಕ್ಕಿ, ಸುಮಾರು ಆರು ಗಂಟೆಯ ಡೇಟಾ ಮಾತ್ರ ಹೋಯಿತು. ಆ ವಿವರವನ್ನು ಅವರೇ ಬಚ್ಚಿಡದೆ ಬರೆದಿದ್ದಾರೆ.

ಕೊರಟಗೆರೆ ಬಸ್ಸು

ಎರಡು ವಾರ ಆಯ್ತು, ಹೇಳೋಕೆ ಬಂದೆ.

ಸೋಮವಾರದ ಡಿಫರೆನ್ಷಿಯಲ್ 1 ಜಿಬಿ ಚಿಲ್ಲರೆ, ಶನಿವಾರದ್ದು 5 ಜಿಬಿ. ತೆಗೆದು, ಡ್ರೈವ್‌ಗೆ ಹಾಕಿ, ವೆರಿಫೈ ಮಾಡಿ, ಎಲ್ಲಾ ಸೇರಿ ನಾಲ್ಕು ನಿಮಿಷ. ಏಳೂವರೆಗೆ ಬಾಗಿಲು ಹಾಕ್ತೀವಿ. ಮಂಡಳಿಗೆ ಹೊಸ ಡ್ರೈವ್ ಬೇಡ ಅಂತ ಬರೆದು ಕೊಟ್ಟೆ, ಎರಡು ಕೇಬಲ್ ಬಿಲ್ ಮಾತ್ರ ಲಗತ್ತಿಸಿದೆ. ಎರಡೂ ಡ್ರೈವ್‌ಗೆ ಬಿಟ್‌ಲಾಕರ್ ಆಗಿದೆ, ಕೀ ಲಾಕರಿನಲ್ಲಿದೆ.

ಮೊನ್ನೆ ಎರಡನೇ ಶನಿವಾರ ರಜೆ ಇದ್ದರೂ ಬಂದು, ಟ್ರೈನಿಂಗ್‌ಗೆ ಅಂತ ಇಟ್ಟಿದ್ದ ಹಳೇ ಕಂಪ್ಯೂಟರಿನಲ್ಲಿ ಮೊದಲು ಫುಲ್, ಅದರ ಮೇಲೆ ಶುಕ್ರವಾರದ ಡಿಫರೆನ್ಷಿಯಲ್ ರಿಸ್ಟೋರ್ ಮಾಡಿದೆ. ಫುಲ್ ಆದ ತಕ್ಷಣ ಡೇಟಾಬೇಸ್ ತೆರೆದುಕೊಂಡುಬಿಟ್ಟಿತ್ತು, ಡಿಫರೆನ್ಷಿಯಲ್ ಹತ್ತಲಿಲ್ಲ. 'ನೋ ರಿಕವರಿ' (ಇನ್ನೂ ತೆರೆಯಬೇಡ ಅನ್ನೋ ಆಯ್ಕೆ) ಹಾಕಿ ಮತ್ತೆ ಮೊದಲಿಂದ ಮಾಡಿದೆ, ಹತ್ತಿತು. ನಮ್ಮಲ್ಲಿ ಹೂವು ಮಾರೋ ಅಜ್ಜಿ ಒಬ್ಬರು ದಿನಾ ಐವತ್ತು ರೂಪಾಯಿ ಪಿಗ್ಮಿ ಕಟ್ತಾರೆ. ಅವರ ಖಾತೆ ತೆಗೆದೆ. ಶುಕ್ರವಾರದ ಐವತ್ತು ಬಂದಿತ್ತು. ಸಹಿ ಜಾಗ ಒತ್ತಿದೆ, ಹೆಬ್ಬೆಟ್ಟಿನ ಗುರುತು ಗೆರೆ ಗೆರೆ ಸಮೇತ ತೆರೆಯಿತು.

ನಿವೃತ್ತ ಲೆಕ್ಕಿಗ, ತಿಪಟೂರು

ಬಹಳ ಸಂತೋಷ ಕಣಮ್ಮ. ರಿಸ್ಟೋರ್ ಮಾಡಿದ ದಿನಾಂಕ ಒಂದು ರಿಜಿಸ್ಟರಲ್ಲಿ ಬರೆದು ಸಹಿ ಹಾಕಿಸಿಡು, ಆಡಿಟ್‌ಗೆ ಬಂದವರು ಕೇಳ್ತಾರೆ. ಆ ಹಳೇ ಕಂಪ್ಯೂಟರಿನಲ್ಲಿ ಈಗಲೂ ಸದಸ್ಯರ ಲೆಕ್ಕ ಕೂತಿದೆ ಅಲ್ಲವೇ, ಅದನ್ನು ಅಳಿಸಿದೆಯಾ?

ಕೊರಟಗೆರೆ ಬಸ್ಸು

ಇಲ್ಲ ಸರ್, ಹೊಳೆದೇ ಇರಲಿಲ್ಲ. ನಾಳೆ ಹೋದ ತಕ್ಷಣ ಮೊದಲು ಅದೇ ಮಾಡ್ತೀನಿ.